ಹಂದಿ ಬೇಟೆಗೆ ಹೊರಟಿರುವ ಗೆಳೆಯರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಿನಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ನನಗೆ ಫೋನುಗಳು ಬರತೊಡಗುತ್ತವೆ. ಹುಬ್ಬಳ್ಳಿಯಿಂದ, ಗದಗಿನಿಂದ, ಹಾವೇರಿಯಿಂದ. ಕಾಲೇಜಿನ ಹುಡುಗರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬಂದವರು. ಕೇಳುವುದು ಒಂದೇ ಮಾತು: ನಿಮಗೆ ಅಡವಿಯ ಪರಿಚಯ ಇದೆಯಂತೆ, ನಮ್ಮನ್ನು ಹಂದಿ ಬೇಟೆಗೆ ಕರೆದುಕೊಂಡು ಹೋಗುತ್ತೀರಾ?

ನಾನು ಧಾರವಾಡದವನು. ಕಲಘಟಗಿ ಕಡೆ ನಮ್ಮದು ಎಂಟು ಎಕರೆ ಹೊಲ. ಹಂದಿ ತುಳಿದು ಮಲಗಿಸಿದ ಬೆಳೆಯನ್ನು ನೋಡುತ್ತಲೇ ಬೆಳೆದೆ, ಅದೇ ಹಂದಿಯ ಹೆಜ್ಜೆ ಹಿಡಿದು ಅಡವಿ ಅಂಚಿನಲ್ಲಿ ನಡೆಯುವುದನ್ನೂ ಕಲಿತೆ. ರಜೆಯ ದಿನಗಳಲ್ಲಿ ಗೆಳೆಯರ ಗುಂಪುಗಳನ್ನು ಹೀಗೆ ನಡಿಗೆಗೆ ಕರೆದೊಯ್ಯುತ್ತೇನೆ. ಫೋನಿನಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಭಾಗದಲ್ಲಿ ಗೈಡ್ ಇಟ್ಟುಕೊಂಡು ಕಾಡುಹಂದಿ ಬೇಟೆಗೆ ಹೋಗುವ ವ್ಯವಸ್ಥೆ ಇದೆಯೇ?

ಇಲ್ಲ. ಇರಲು ಸಾಧ್ಯವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಕಾಡುಹಂದಿ ಮೊದಲು ಆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿತ್ತು (ಅನುಸೂಚಿ ಎಂದರೆ ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿ). 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಅದು ಎರಡನೆಯ ಅನುಸೂಚಿಯಲ್ಲಿದೆ. ಸಿಕ್ಕಿಬಿದ್ದರೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗದಗ ಜಿಲ್ಲೆಯ ಕಪ್ಪತಗುಡ್ಡದಂಥ ಅಭಯಾರಣ್ಯದ ಒಳಗೆ ಬೇಟೆಯಾಡಿದ್ದರೆ ಸೆರೆವಾಸ 3 ವರ್ಷಕ್ಕೆ ಕಡಿಮೆ ಇರುವಂತಿಲ್ಲ, 7 ವರ್ಷದವರೆಗೂ ಹೋಗಬಹುದು. ಹೋಗಿದ್ದ ಜೀಪು, ಬೈಕು, ಬಂದೂಕು ಎಲ್ಲವೂ ಸರ್ಕಾರದ ಪಾಲಾಗುತ್ತವೆ.

ಬಹಳ ಜನ ಗಮನಿಸದ ಒಂದು ಮಾತಿದೆ. ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ವಿಷ ಇಡುವುದು, ಆಮಿಷ ಇಟ್ಟು ಕಾಯುವುದು, ಸೋಹಿ ಓಡಿಸುವುದು (ಪೊದೆಯಿಂದ ಎಬ್ಬಿಸಿ ಅಟ್ಟುವುದು), ಇವೆಲ್ಲ ಬೇಟೆಯೇ. ಪ್ರಯತ್ನಪಟ್ಟರೂ ಅಪರಾಧವೇ. ಆದ್ದರಿಂದ "ನಾವು ಹೊಡೆಯುವುದಿಲ್ಲ, ನಾಯಿ ಬಿಟ್ಟು ಅಟ್ಟಿಸಿಕೊಂಡು ಹೋಗಿ ಬಿಟ್ಟುಬಿಡುತ್ತೇವೆ" ಎಂಬ ಮಾತು ನಿಲ್ಲುವುದಿಲ್ಲ.

ನಮ್ಮ ಮಾವನ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕು ಇದೆ. ಅದರಿಂದ ನಮ್ಮದೇ ಹೊಲದಲ್ಲಿ ಹೊಡೆದರೆ?

ಬಂದೂಕಿನ ಪರವಾನಗಿ ಬಂದೂಕು ಇಟ್ಟುಕೊಳ್ಳಲು ಮಾತ್ರ. ಪ್ರಾಣಿಯನ್ನು ಕೊಲ್ಲಲು ಅದು ಅನುಮತಿಯಲ್ಲ. ಹೊಲ ನಿಮ್ಮದಾಗಿರಬಹುದು, ಅದರಲ್ಲಿ ಹಾದುಹೋಗುವ ಹಂದಿ ನಿಮ್ಮದಲ್ಲ. ಮನುಷ್ಯರ ಜೀವಕ್ಕೋ ನಿಂತ ಬೆಳೆಗೋ ಅಪಾಯವಾಗಿರುವ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ 11ನೆಯ ಕಲಮಿನಡಿ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆ ಆದೇಶ ನಿರ್ದಿಷ್ಟ ಜಾಗಕ್ಕೆ, ನಿರ್ದಿಷ್ಟ ತೊಂದರೆಗೆ ಸಂಬಂಧಿಸಿದ್ದು. ಅದನ್ನು ಹಿಡಿದುಕೊಂಡು ಗೆಳೆಯರ ಪ್ರವಾಸ ಏರ್ಪಡಿಸಲು ಬರುವುದಿಲ್ಲ.

ಹಂದಿ ನಿಜವಾಗಿಯೂ ಮೈಮೇಲೆ ಬಿದ್ದು, ಜೀವ ಉಳಿಸಿಕೊಳ್ಳಲು ಕೊಂದರೆ ಅದು ಅಪರಾಧವಲ್ಲ ಎಂದು ಅದೇ ಕಲಂ ಹೇಳುತ್ತದೆ. ಆದರೆ ಕಾನೂನು ಮೀರಿ ಬೇಟೆಗೆ ಹೋದವನಿಗೆ ಆ ರಕ್ಷಣೆ ಸಿಗುವುದಿಲ್ಲ.

ಬಂದೂಕು ಬೇಡ. ಉರುಳು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ?

ಈ ಪ್ರಶ್ನೆಗೆ ನಾನು ಪ್ರತಿ ಸಲವೂ ನಿಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ಕೇಳುವವರಲ್ಲಿ ಹೆಚ್ಚಿನವರು ಉರುಳಿಗೆ ಬಿದ್ದ ಪ್ರಾಣಿಯನ್ನು ನೋಡಿರುವುದಿಲ್ಲ.

ಬೈಕಿನ ಕ್ಲಚ್ ವೈರಿನಿಂದ ಮಾಡಿದ ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಎಂದು ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ ಹಂದಿಗೆಂದು ಬೇಲಿಯಲ್ಲಿ ಇಟ್ಟ ಉರುಳುಗಳಿಗೆ ಚಿರತೆಗಳು ಮತ್ತೆ ಮತ್ತೆ ಸಿಕ್ಕಿವೆ. ಸೊಂಟಕ್ಕೆ ಬಿಗಿದ ತಂತಿ ಪ್ರಾಣಿ ಒದ್ದಾಡಿದಷ್ಟೂ ಒಳಗೆ ಇಳಿಯುತ್ತದೆ. ಬಿಡಿಸಿದರೂ ಒಳಗಿನ ಅಂಗಗಳು ನಜ್ಜುಗುಜ್ಜಾಗಿರುತ್ತವೆ.

ಸಿಡಿಮದ್ದು ಇನ್ನೂ ಕ್ರೂರ. ಹಿಟ್ಟಿನ ಉಂಡೆಯಲ್ಲೋ ಹಣ್ಣಿನಲ್ಲೋ ಮದ್ದು ಇಟ್ಟು ಹಂದಿಯ ದಾರಿಯಲ್ಲಿ ಬಿಡುತ್ತಾರೆ. ಕಚ್ಚಿದ ಕೂಡಲೇ ಸಿಡಿಯುತ್ತದೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಪಕ್ಕದ ಹೊಲದವರ ಹಸು ಬದುವಿನ ಮೇಲೆ ಮೇಯುತ್ತ ಅಂಥದೊಂದನ್ನು ಕಚ್ಚಿತು. ಕೆಳದವಡೆ ಇಲ್ಲದ ಹಸು ನೀರು ಕುಡಿಯಲು ಬಾನಿಯ ಹತ್ತಿರ ಬಂದು ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅದು ಮೂರನೆಯ ದಿನ ಸತ್ತಿತು. ಆ ಮನೆಯ ಅಜ್ಜಿ ಆ ವರ್ಷ ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಹಚ್ಚಲು ಬಿಡಲಿಲ್ಲ.

ಬೇಲಿಗೆ ನೇರವಾಗಿ ಮನೆಯ ಕರೆಂಟು ಕೊಡುವುದರ ಬಗ್ಗೆ ಇಷ್ಟು ಸಾಕು: ಅದು ಹಂದಿಗಿಂತ ಮೊದಲು ನಸುಕಿನಲ್ಲಿ ನೀರು ಹಾಯಿಸಲು ಬಂದ ಮನುಷ್ಯನನ್ನು ಕೊಲ್ಲುತ್ತದೆ.

ನಮ್ಮ ಅಜ್ಜಂದಿರು ಬೇಟೆಯಾಡುತ್ತಿದ್ದರಲ್ಲ? ಅದು ನಮ್ಮ ಸಂಪ್ರದಾಯ ತಾನೆ?

ಹೌದು, ಆಡುತ್ತಿದ್ದರು. ಅದನ್ನು ಅಲ್ಲಗಳೆಯುವುದಿಲ್ಲ. ಉತ್ತರ ಕರ್ನಾಟಕದ ಕೆಲವು ಕಡೆ ಯುಗಾದಿಯ ಆಸುಪಾಸಿನಲ್ಲಿ ಊರವರೆಲ್ಲ ಕೂಡಿ ಬೇಟೆಗೆ ಹೋಗುವ ರೂಢಿ ಇತ್ತು. ಈ ನೆಲದಲ್ಲಿ ಹಂದಿಗೆ ಇರುವ ಗೌರವ ದೊಡ್ಡದು: ಬಾದಾಮಿ ಚಾಲುಕ್ಯರ ಲಾಂಛನ ವರಾಹ, ಚಿನ್ನದ ನಾಣ್ಯದ ಹೆಸರೂ ವರಾಹ.

ನನಗೆ ಬಹಳ ಪ್ರಿಯವಾದದ್ದು ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಈ ಶಾಸನ ಸುಮಾರು ಕ್ರಿ.ಶ. 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಗಂಗ ದೊರೆ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ನಾಡುಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಬನವಾಸಿ, ಬೆಳ್ವೊಲ, ಪುರಿಗೆರೆ ಹೀಗೆ. ಬೆಳ್ವೊಲ ಎಂದರೆ ಗದಗಿನ ಸುತ್ತಿನ ನಾಡು, ಪುರಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಆದರೆ ಆ ಕಲ್ಲಿನ ಮೇಲೆ ಕೆತ್ತಿರುವುದು ಯುದ್ಧದ ಚಿತ್ರವಲ್ಲ, ನಾಯಿ ಮತ್ತು ಹಂದಿಯ ಕಾಳಗ. ಬೂತುಗನ ಭಂಟ ಮಣಲೇರನಿಗೆ ಏನು ಬೇಕೆಂದು ದೊರೆ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿ ದಾನ ಕೊಟ್ಟರು.

ಆ ಕಾಲದಲ್ಲಿ ಅಡವಿ ದೊಡ್ಡದಿತ್ತು, ಊರು ಚಿಕ್ಕದಿತ್ತು. ಕೈಯಲ್ಲಿ ಈಟಿ ಹಿಡಿದು ನಿಂತವನ ಜೀವವೂ ಪಣಕ್ಕೆ ಇತ್ತು. ಈಗ ಕಪ್ಪತಗುಡ್ಡದಂಥ ಒಂದು ಗುಡ್ಡಸಾಲನ್ನು ಉಳಿಸಿಕೊಳ್ಳಲು ನಮ್ಮ ಜನ ವರ್ಷಗಟ್ಟಲೆ ಹೋರಾಡಬೇಕಾಯಿತು. 2019ರಲ್ಲಿ ಅದು ಅಭಯಾರಣ್ಯವಾಯಿತು. ಸುಮಾರು 244 ಚದರ ಕಿಲೋಮೀಟರ್ ಅಷ್ಟೇ. ಅಲ್ಲಿರುವ ಹಂದಿ ಚಿರತೆಗೆ ಊಟ. ಅದನ್ನು ನಾವು ಕಿತ್ತುಕೊಂಡರೆ ಚಿರತೆ ಹಟ್ಟಿಯ ಕರುವಿನ ಕಡೆ ತಿರುಗುತ್ತದೆ. ಅಜ್ಜನಿಂದ ಉಳಿಸಿಕೊಳ್ಳಬೇಕಾದದ್ದು ಹೆಜ್ಜೆ ಓದುವ ಕಣ್ಣು, ಗಾಳಿ ಹಿಡಿದು ನಡೆಯುವ ಜಾಣತನ. ಅವಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.

ಹಾಗಾದರೆ ಗೆಳೆಯರ ಜೊತೆ ಎಲ್ಲಿಗೆ ಹೋಗಬಹುದು?

ಮೊದಲ ಸಲ ಹೋಗುವವರಿಗೆ ದಾಂಡೇಲಿ ಸುಲಭ. ಧಾರವಾಡದಿಂದ ಹಳಿಯಾಳದ ದಾರಿಯಲ್ಲಿ ಸುಮಾರು 55 ಕಿಲೋಮೀಟರ್. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಜೀಪ್ ಸಫಾರಿ ಇರುತ್ತದೆ. ಅಡವಿ ದಟ್ಟವಾಗಿರುವುದರಿಂದ ಪ್ರಾಣಿ ಕಾಣುವುದು ಕಷ್ಟ, ಆದರೆ ಹಂದಿ ಕಾಣುವ ಸಾಧ್ಯತೆ ಹುಲಿಗಿಂತ ಎಷ್ಟೋ ಹೆಚ್ಚು.

ಹಾವೇರಿಯವರಿಗೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಹತ್ತಿರ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಬಯಲು ಮತ್ತು ನೀಲಗಿರಿ ತೋಪುಗಳ ಜಾಗ. ಕೃಷ್ಣಮೃಗದ ಜೊತೆ ತೋಳ, ನರಿ, ಕಾಡುಹಂದಿ ಎಲ್ಲವೂ ಇವೆ. ಬಯಲಾದ್ದರಿಂದ ದೂರದವರೆಗೆ ಕಣ್ಣು ಹಾಯುತ್ತದೆ, ದುರ್ಬೀನು ಇದ್ದವರಿಗೆ ಹಬ್ಬ.

ಗದಗಿನವರಿಗೆ ಕಪ್ಪತಗುಡ್ಡ. ನಂದಿವೇರಿ ಮಠದ ಕಡೆಯಿಂದ ಗುಡ್ಡ ನೋಡಿದವರು ಮತ್ತೆ ಮತ್ತೆ ಹೋಗುತ್ತಾರೆ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ, ಕತ್ತೆಕಿರುಬನ ನೆಲೆಯೂ ಹೌದು. ಚಳಿಗಾಲದಲ್ಲಿ ಹೋದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ತಪ್ಪಿಸಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ, 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್ಸಾರ್ ಮನ್ನಣೆ ಸಿಕ್ಕಿತು. ಹಂದಿ ನೋಡಲು ಹೊರಟವರು ಅಲ್ಲಿ ಬಾತು ನೋಡುತ್ತ ಅರ್ಧ ದಿನ ಕಳೆದದ್ದಿದೆ.

ಅಭಯಾರಣ್ಯದ ಒಳಗೆ ಕಾಲಿಡಲು ಇಲಾಖೆಯ ಅನುಮತಿ ಬೇಕು. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮುಂಚಿತವಾಗಿ ಹೋಗಿ, ಎಷ್ಟು ಜನ, ಯಾವ ದಿನ, ಯಾವ ದಾರಿ ಎಂದು ಹೇಳಿ. ಅಲ್ಲಿಯವರೇ ಒಬ್ಬ ಕಾವಲುಗಾರನನ್ನು ಜೊತೆಗೆ ಕಳುಹಿಸಿದರೆ ಅದಕ್ಕಿಂತ ಒಳ್ಳೆಯ ಗೈಡ್ ಇಲ್ಲ.

ಯಾವ ತಿಂಗಳು ಒಳ್ಳೆಯದು?

ಹೆಜ್ಜೆ ಓದಲು ನವೆಂಬರ್. ನೆಲದಲ್ಲಿ ತೇವ ಇರುತ್ತದೆ, ಹುಲ್ಲು ಒಣಗತೊಡಗಿರುತ್ತದೆ. ಪ್ರಾಣಿಯನ್ನೇ ನೋಡಬೇಕೆಂದರೆ ಮಾರ್ಚ್, ಏಪ್ರಿಲ್. ನೀರು ಕೆಲವೇ ಕಡೆ ಉಳಿದಿರುವುದರಿಂದ ಸಂಜೆ ಹೊತ್ತು ಎಲ್ಲ ಪ್ರಾಣಿಯೂ ಅಲ್ಲಿಗೇ ಬರುತ್ತದೆ. ಮಳೆಗಾಲದಲ್ಲಿ ಸಫಾರಿ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳದೆ ಹೊರಡಬೇಡಿ.

ಎಷ್ಟು ಜನ ಹೋಗಬೇಕು?

ನಾಲ್ವರು. ಆರು ಆದರೆ ಮಾತು ಹೆಚ್ಚುತ್ತದೆ, ಎಂಟು ಆದರೆ ಅದು ಜಾತ್ರೆ. ಹನ್ನೆರಡು ಜನರ ಗುಂಪೊಂದನ್ನು ಒಮ್ಮೆ ಕರೆದೊಯ್ದಿದ್ದೆ, ಇಡೀ ಬೆಳಗು ಒಂದು ನವಿಲಿನ ಬಾಲವೂ ಕಾಣಲಿಲ್ಲ. ಅದು ನನ್ನ ತಪ್ಪು, ಅಷ್ಟು ಜನರಿಗೆ ಒಪ್ಪಿಕೊಳ್ಳಬಾರದಿತ್ತು.

ಏನೇನು ಒಯ್ಯಬೇಕು?

ಮಣ್ಣಿನ ಬಣ್ಣದ ಉದ್ದ ತೋಳಿನ ಅಂಗಿ, ಗಟ್ಟಿ ಬೂಟು, ಟೋಪಿ, ತಲಾ ಎರಡು ಲೀಟರ್ ನೀರು. ಸೆಂಟು ಹಚ್ಚಿಕೊಳ್ಳಬೇಡಿ, ಹಂದಿಯ ಮೂಗು ನಿಮ್ಮನ್ನು ಕಣ್ಣಿಗಿಂತ ಬಹಳ ಮೊದಲೇ ಕಂಡುಹಿಡಿಯುತ್ತದೆ. 8x42 ಅಳತೆಯ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮುಂಗಾಜಿನ) ಒಂದು ದುರ್ಬೀನು ನಾಲ್ವರಿಗೆ ಸಾಕು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಜುಣಕದ ವಡೆ. ಕೆಡುವುದಿಲ್ಲ, ಚೆಲ್ಲುವುದಿಲ್ಲ. ಪ್ಲಾಸ್ಟಿಕ್ ಪೊಟ್ಟಣದ ತಿಂಡಿ ಬೇಡ. ಸಾರಾಯಿ ತರುವವರಿದ್ದರೆ ನಾನು ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿಯನ್ನೂ ತರಬೇಡಿ.

ಹಂದಿಯ ಗುರುತು ಹಿಡಿಯುವುದು ಹೇಗೆ?

ಈ ಪ್ರವಾಸದ ಜೀವಾಳವೇ ಇದು.

ಮೊದಲು ಹಳ್ಳದ ದಂಡೆಗೆ ಹೋಗಿ. ಮೆತ್ತನೆಯ ಮಣ್ಣಿನಲ್ಲಿ ಎರಡು ಗೊರಸು ಅಚ್ಚೊತ್ತಿರುತ್ತವೆ. ಜಿಂಕೆಯದೂ ಎರಡೇ ಗೊರಸು. ವ್ಯತ್ಯಾಸ ಇರುವುದು ಹಿಂದೆ. ಹಂದಿಯ ಹಿಂಗೊರಸುಗಳು ಕೆಳಗೆ, ಅಗಲವಾಗಿ ಇರುತ್ತವೆ. ಆದ್ದರಿಂದ ದೊಡ್ಡ ಗುರುತಿನ ಹಿಂದೆ ಎಡಬಲಕ್ಕೆ ಎರಡು ಚಿಕ್ಕ ಚುಕ್ಕೆಗಳು ಬಿದ್ದಿರುತ್ತವೆ. ಜಿಂಕೆಯದು ಮುಂದಕ್ಕೆ ಚೂಪು, ಹಂದಿಯದು ಮೊಂಡು. ನಾಲ್ಕು ಸಲ ಹೋಲಿಸಿ ನೋಡಿದರೆ ಆಮೇಲೆ ಮರೆಯುವುದಿಲ್ಲ.

ಎರಡನೆಯದು, ಕೆದರಿದ ನೆಲ. ಗಡ್ಡೆ, ಬೇರು, ಎರೆಹುಳ, ಹುಳುಹುಪ್ಪಟೆಗಾಗಿ ಹಂದಿ ಮೂತಿಯಿಂದ ನೆಲವನ್ನು ಉಳುತ್ತದೆ. ನೇಗಿಲು ಹೊಡೆದಂತೆ ಅಗಲವಾಗಿ ಹೊರಳಿದ ಮಣ್ಣು ಕಾಣುತ್ತದೆ. ಮುಳ್ಳುಹಂದಿ ತೋಡಿದ್ದಾದರೆ ಗುಂಡಿ ಕಿರಿದು, ಆಳ. ಹೆಸರಿನಲ್ಲಿ ಹಂದಿ ಎಂದಿದ್ದರೂ ಮುಳ್ಳುಹಂದಿ ಹಂದಿಯ ಜಾತಿಯೇ ಅಲ್ಲ, ಅದು ಇಲಿಯ ಬಳಗದ್ದು. ಕೆದರಿದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ: ಒಳಭಾಗ ಇನ್ನೂ ತೇವವಾಗಿದ್ದರೆ ರಾತ್ರಿಯದು, ಒಣಗಿ ಬಣ್ಣ ತಿಳಿಯಾಗಿದ್ದರೆ ಹಳೆಯದು. ಎರೆ ಮಣ್ಣು ಈ ಸುಳಿವನ್ನು ಚೆನ್ನಾಗಿ ಹಿಡಿದಿಡುತ್ತದೆ, ಮಸಾರಿ (ಕೆಂಪು ಮಣ್ಣು) ಬೇಗ ಒಣಗಿ ಮೋಸ ಮಾಡುತ್ತದೆ.

ಮೂರನೆಯದು, ಕೆಸರಿನ ಹೊಂಡ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, ಹಾಗಾಗಿ ಕೆಸರಿನಲ್ಲಿ ಹೊರಳುತ್ತದೆ. ಅಲ್ಲಿಂದ ಎದ್ದು ಹತ್ತಿರದ ಮರಕ್ಕೆ ಮೈ ಉಜ್ಜುತ್ತದೆ. ಕೆಸರಿನ ಹೊಂಡ ಸಿಕ್ಕ ಕೂಡಲೇ ಸುತ್ತಲಿನ ಮರಗಳ ಬುಡ ನೋಡಿ. ಮಂಡಿಯಿಂದ ಸೊಂಟದ ಎತ್ತರದವರೆಗೆ ಒಣಕೆಸರು ಮೆತ್ತಿರುತ್ತದೆ, ತೊಗಟೆಯಲ್ಲಿ ಬಿರುಸಾದ ಕರಿಕೂದಲು ಸಿಕ್ಕಿರುತ್ತದೆ. ಕೂದಲಿನ ತುದಿ ಸೀಳಿರುವುದನ್ನು ಬೆಳಕಿಗೆ ಹಿಡಿದು ನೋಡಿ. ಕೆಸರು ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಹಂದಿ ಎಷ್ಟು ದೊಡ್ಡದು ಎಂದು ಅಂದಾಜು ಮಾಡಬಹುದು.

ಹೆಜ್ಜೆಗಳು ಗುಂಪಾಗಿದ್ದು ನಡುವೆ ಪುಟ್ಟಪುಟ್ಟ ಗೊರಸಿದ್ದರೆ ತಾಯಂದಿರು ಮತ್ತು ಮರಿಗಳು. ಒಂದೇ ಸಾಲು, ದೊಡ್ಡ ಗೊರಸು ಇದ್ದರೆ ಒಂಟಿ ಗಂಡು. ನಮ್ಮೂರಿನ ಹಿರಿಯರು "ಒಂಟಿಗನ ದಾರಿಗೆ ಅಡ್ಡ ನಿಲ್ಲಬೇಡ" ಎನ್ನುತ್ತಿದ್ದರು. ಗರ್ಭ ಸುಮಾರು 115 ದಿನದ್ದು. ಮರಿಗಳ ಮೈಮೇಲೆ ಹುಟ್ಟುವಾಗ ಉದ್ದುದ್ದ ಗೆರೆಗಳಿರುತ್ತವೆ, ಕೆಲವು ತಿಂಗಳಲ್ಲಿ ಮಾಸುತ್ತವೆ. ಆ ಗೆರೆಯ ಮರಿಗಳ ಸಾಲು ಕಾಲುದಾರಿ ದಾಟುವುದನ್ನು ಒಮ್ಮೆ ಕಂಡವರು ಬಂದೂಕಿನ ಮಾತು ಮತ್ತೆ ಎತ್ತಿದ್ದನ್ನು ನಾನು ಕೇಳಿಲ್ಲ.

ಹಂದಿ ಎದುರಿಗೆ ಬಂದುಬಿಟ್ಟರೆ?

ಓಡಬೇಡಿ. ಅಲ್ಲಾಡದೆ ನಿಲ್ಲಿ. ಅದರ ಕಣ್ಣು ಮಂದ, ಅದು ನಿಮ್ಮನ್ನು ಗುರುತಿಸದೆ ಮೂಸಿ ನೋಡಿ ಹೊರಟುಹೋಗುವುದೇ ಹೆಚ್ಚು. ಬೆನ್ನಿನ ಕೂದಲು ನಿಮಿರಿ, ಹಲ್ಲು ಕಟಕಟ ಎಂದರೆ ಎಚ್ಚರಿಕೆ ಕೊಡುತ್ತಿದೆ ಎಂದು ತಿಳಿದು ಮರದ ಹಿಂದಕ್ಕೆ ಮೆಲ್ಲಗೆ ಸರಿಯಿರಿ, ಸಾಧ್ಯವಿದ್ದರೆ ಹತ್ತಿಕೊಳ್ಳಿ. ತಾಯಿ ಮತ್ತು ಮರಿಗಳ ನಡುವೆ ಎಂದೂ ಸಿಕ್ಕಿಕೊಳ್ಳಬೇಡಿ. ಗಂಡಿನ ಕೋರೆ ಕೆಳಗಿನಿಂದ ಮೇಲಕ್ಕೆ ಸೀಳುವುದರಿಂದ ಪೆಟ್ಟು ಬೀಳುವುದು ತೊಡೆಗೆ. ರಕ್ತ ಸುರಿದರೆ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಧಾವಿಸಬೇಕು. ನಾಯಿ ತರಬೇಡಿ ಎಂದದ್ದು ಇದಕ್ಕೇ: ನಾಯಿ ಕೆಣಕುತ್ತದೆ, ಆಮೇಲೆ ನಿಮ್ಮ ಕಾಲ ಬಳಿಗೇ ಓಡಿ ಬರುತ್ತದೆ, ಹಿಂದೆ ಹಂದಿ ಇರುತ್ತದೆ.

ರಾತ್ರಿ ಹೊತ್ತು ಏನಾದರೂ ಮಾಡಬಹುದೇ?

ಅಡವಿಯೊಳಗೆ ಬೇಡ, ಅನುಮತಿಯೂ ಸಿಗುವುದಿಲ್ಲ. ಆದರೆ ಪರಿಚಯದ ರೈತರು ಒಪ್ಪಿದರೆ ಅವರ ಹೊಲದ ಮಂಚಿಗೆಯ (ಕಾವಲಿನ ಅಟ್ಟಣೆಯ) ಮೇಲೆ ಒಂದು ರಾತ್ರಿ ಕಾವಲಿಗೆ ಕುಳಿತುಕೊಳ್ಳಿ. ನಾನು ಏರ್ಪಡಿಸುವುದರಲ್ಲಿ ಗೆಳೆಯರು ಬಹುಕಾಲ ನೆನಪಿಟ್ಟುಕೊಳ್ಳುವುದು ಇದನ್ನೇ.

ಸೆಪ್ಟೆಂಬರಿನ ಒಂದು ರಾತ್ರಿ ನಮ್ಮ ಹೊಲದ ಮಂಚಿಗೆಯಲ್ಲಿ ಹುಬ್ಬಳ್ಳಿಯ ಮೂವರು ಗೆಳೆಯರಿದ್ದರು. ಅಪ್ಪ ಕೆಳಗೆ ಕಂಬಳಿ ಹೊದ್ದು ಕುಳಿತಿದ್ದರು, ಪಕ್ಕದಲ್ಲಿ ಹಳೆಯ ಎಣ್ಣೆ ಡಬ್ಬಿ ಮತ್ತು ಕೋಲು. ಎರಡು ಗಂಟೆಯ ಸುಮಾರಿಗೆ ಗೋವಿನಜೋಳದ ದಂಟು ಮುರಿಯುವ ಸದ್ದು ಶುರುವಾಯಿತು. ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು. ಹಂದಿ ತೆನೆ ಕಿತ್ತುಕೊಳ್ಳುವುದಿಲ್ಲ, ಗಿಡವನ್ನೇ ಮೈಯಿಂದ ಬೀಳಿಸಿ ತೆನೆ ತಿನ್ನುತ್ತದೆ. ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಅಪ್ಪ ಎದ್ದು ಡಬ್ಬಿ ಬಾರಿಸಿದರು, ಬ್ಯಾಟರಿಯ ಬೆಳಕಿನಲ್ಲಿ ಏಳೋ ಎಂಟೋ ಕಪ್ಪು ಬೆನ್ನುಗಳು ಬದು ಹಾರಿ ಹಳ್ಳಕ್ಕೆ ಇಳಿದವು. ಬೆಳಗಾಗುವವರೆಗೆ ಇನ್ನೂ ಎರಡು ಸಲ ಬಂದವು. ಆರು ಗಂಟೆಗೆ ಚಹಾ ಕುಡಿಯುವಾಗ ಗೆಳೆಯರಲ್ಲಿ ಒಬ್ಬ "ಕಾಕಾ, ನೀವು ಎಷ್ಟು ದಿನ ಹೀಗೆ ಕೂರುತ್ತೀರಿ?" ಎಂದು ಕೇಳಿದ. "ಬೆಳೆ ಕೊಯ್ಲಿಗೆ ಬರುವವರೆಗೆ, ತಮ್ಮಾ" ಎಂದರು ಅಪ್ಪ.

ಓಡಿಸುವ ಕೆಲಸ ಹೊಲದವರದು, ನೀವು ನೋಡಿ, ಕೇಳಿ, ಅಷ್ಟೇ. ಪಟಾಕಿ ಹಿಡಿದು ಬೆನ್ನಟ್ಟಿ ಹಳ್ಳಕ್ಕೆ ಇಳಿಯಬೇಡಿ.

ಅಷ್ಟು ನಷ್ಟ ಅನುಭವಿಸುವ ರೈತರಿಗೆ ಬೇಟೆಗಾರರು ಬಂದರೆ ಉಪಕಾರವೇ ಅಲ್ಲವೇ?

ರೈತನ ಮಗನಾಗಿ ಈ ಪ್ರಶ್ನೆಯನ್ನು ನಾನೇ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ನಷ್ಟ ನಿಜ, ನಿದ್ದೆಗೆಟ್ಟ ರಾತ್ರಿಗಳು ನಿಜ. ಆದರೆ ವರ್ಷಕ್ಕೆ ಒಂದು ಶನಿವಾರ ಬಂದು ಒಂದು ಹಂದಿ ಹೊಡೆದು ಹೋಗುವವರಿಂದ ನಮ್ಮ ಹೊಲಕ್ಕೆ ಏನೂ ಆಗುವುದಿಲ್ಲ. ಒಂದೇ ಸೂಲಿಗೆ ನಾಲ್ಕೈದು ಮರಿ ಹಾಕುವ ಪ್ರಾಣಿ ಅದು. ಗಾಯಗೊಂಡು ತಪ್ಪಿಸಿಕೊಂಡ ಹಂದಿ ಮಾತ್ರ ಮರುದಿನ ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳಿಗೆ ಎದುರಾಗುತ್ತದೆ.

ತೊಂದರೆ ಮಿತಿಮೀರಿದಾಗ ನಿರ್ಧಾರ ತೆಗೆದುಕೊಳ್ಳಲು ಕಾನೂನಿನಲ್ಲೇ ದಾರಿ ಇದೆ. ಬಿಹಾರದ ಮತ್ತು ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಹಿಂದೆ ಕೇಂದ್ರ ಸರ್ಕಾರ ಕಾಡುಹಂದಿಯನ್ನು 62ನೆಯ ಕಲಮಿನಡಿ ನಿಗದಿತ ಅವಧಿಗೆ ಪೀಡಕ ಪ್ರಾಣಿ (ಬೇಟೆಯ ನಿಷೇಧ ಅನ್ವಯಿಸದ ಪ್ರಾಣಿ) ಎಂದು ಘೋಷಿಸಿತ್ತು. ಕೇರಳ ಸರ್ಕಾರ 2022ರಲ್ಲಿ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿತು. ಒಪ್ಪುವುದು ಬಿಡುವುದು ಬೇರೆ, ಅವು ಸರ್ಕಾರ ಹೊಣೆ ಹೊತ್ತು ಮಾಡುವ ಕೆಲಸಗಳು. ಮೋಜಿನ ಪ್ರವಾಸಗಳಲ್ಲ.

ರೈತರಿಗೆ ನಿಜವಾಗಿ ನೆರವಾಗಬೇಕೆಂದಿದ್ದರೆ ಬೆಳೆ ಹಾನಿಯ ಪರಿಹಾರಕ್ಕೆ ಅರ್ಜಿ ಬರೆಯಲು ಸಹಾಯ ಮಾಡಿ. ಹಾನಿಯ ಫೋಟೊ, ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿ ಎಲ್ಲವನ್ನೂ ಹೊಂದಿಸುವುದು ವಯಸ್ಸಾದವರಿಗೆ ಕಷ್ಟ. ಸೋಲಾರ್ ಬೇಲಿ ಹಾಕಿಸುವವರಿಗೆ ಸಬ್ಸಿಡಿಯ ವಿಚಾರ ತಿಳಿದುಕೊಂಡು ಹೇಳಿ. ಆ ಬೇಲಿ ಶಾಕ್ ಹೊಡೆದು ಹೆದರಿಸುತ್ತದೆ, ಕೊಲ್ಲುವುದಿಲ್ಲ. ಶೇಂಗಾ ಹೊಲದ ಅಂಚಿಗೆ ಮುಳ್ಳಿನ ಕುಸುಬೆಯನ್ನು ನಾಲ್ಕಾರು ಸಾಲು ದಟ್ಟವಾಗಿ ಬಿತ್ತುವ ಉಪಾಯವೂ ಉಂಟು.

ಹುಬ್ಬಳ್ಳಿಯ ಬೀದಿಗಳಲ್ಲಿ ತಿರುಗುವ ಹಂದಿಗಳೂ ಇವೇ ಏನು?

ಜಾತಿ ಒಂದೇ, ಆದರೆ ಅವು ಸಾಕಿದ ಹಂದಿಗಳು, ಅವಕ್ಕೆ ಮಾಲೀಕರಿದ್ದಾರೆ. ಅದು ಮಹಾನಗರ ಪಾಲಿಕೆಯ ವಿಚಾರ.

ಕಾಡುಹಂದಿ ಮಾಂಸ ಯಾರಾದರೂ ತಂದುಕೊಟ್ಟರೆ ತಿನ್ನಬಹುದೇ?

ಬೇಡ. ಬೇಟೆಯಾಡಿದ ಪ್ರಾಣಿಯ ಮಾಂಸ ಸರ್ಕಾರದ ಆಸ್ತಿ. ಅದನ್ನು ಇಟ್ಟುಕೊಂಡವರ ಮೇಲೂ ಮೊಕದ್ದಮೆ ಹೂಡುತ್ತಾರೆ. ಸತ್ತು ಬಿದ್ದ ಹಂದಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ದೇಶಕ್ಕೆ ಬಂದ ಮೇಲೆ ಇದು ಮುಖ್ಯವಾಗಿದೆ. ಆ ರೋಗ ಮನುಷ್ಯರಿಗೆ ಅಂಟುವುದಿಲ್ಲ, ಆದರೆ ನಿಮ್ಮ ಬೂಟಿನ ಜೊತೆ ಸಾಕು ಹಂದಿಗಳ ಕೊಟ್ಟಿಗೆಗೆ ಹೋಗಬಲ್ಲದು.

ನಮ್ಮ ಗೆಳೆಯ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಗೈಡ್ ಜೊತೆ ಹಂದಿ ಬೇಟೆ ಕಾನೂನುಬದ್ಧವಂತೆ, ನಿಜವೇ?

ನಿಜ. ಅಲ್ಲಿನ ಕತೆಯೇ ಬೇರೆ. ಅಮೆರಿಕಕ್ಕೆ ಹಂದಿ ಹೊರಗಿನ ಪ್ರಾಣಿ. ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ತಂದ ಸಾಕು ಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದವು, ಆಮೇಲೆ ಬೇಟೆಗೆಂದೇ ತಂದುಬಿಟ್ಟ ಯುರೋಪಿನ ಕಾಡುಹಂದಿಗಳೂ ಅವುಗಳೊಂದಿಗೆ ಬೆರೆತವು. ಅಲ್ಲಿನ ಹೊಲ, ತೊರೆ, ಅಡವಿ ಯಾವುದೂ ಹಂದಿಯ ಜೊತೆ ಬೆಳೆದು ಬಂದದ್ದಲ್ಲ. ನಮ್ಮಲ್ಲಿ ಹಂದಿ ಈ ನೆಲದ್ದೇ ಕೂಸು. ಪ್ರಾಣಿ ಒಂದೇ ಆದರೂ ಕಾನೂನು ತಿರುಗುಮುರುಗಾಗಿರುವುದು ಇದಕ್ಕೇ.

2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿಗೆ ಬೇಟೆ ಪರವಾನಗಿ ಬೇಕಿಲ್ಲ. ಆದರೆ ನಮ್ಮವರು ಎಡವುವುದು ಇಲ್ಲಿಯೇ. ಪ್ರವಾಸಿ ವೀಸಾ, ಎಚ್-1ಬಿ (ನೌಕರಿಯ ವೀಸಾ) ಮೊದಲಾದ ವಲಸೆಯಲ್ಲದ ವೀಸಾದಲ್ಲಿ ಹೋದವರು ಬಂದೂಕು ಕೈಯಲ್ಲಿ ಹಿಡಿಯುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಹಾಗಾಗಿ ಹಂದಿಗೆ ಬೇಡವಾದ ಪರವಾನಗಿ ನಿಮ್ಮ ಬಂದೂಕಿಗೆ ಬೇಕು. ಗೈಡ್ "ಇಲ್ಲಿ ಲೈಸೆನ್ಸ್ ಬೇಡ" ಎಂದು ತನಗೆ ಗೊತ್ತಿರುವ ಸತ್ಯವನ್ನೇ ಹೇಳುತ್ತಾನೆ, ನಿಮ್ಮ ವೀಸಾ ಅವನಿಗೆ ಗೊತ್ತಿರುವುದಿಲ್ಲ. ವೀಸಾಕ್ಕೆ ಕುತ್ತು ಬಂದರೆ ಒಂದು ರಾತ್ರಿಯ ಬೇಟೆಯ ಬೆಲೆ ಬಹಳ ದೊಡ್ಡದಾಗುತ್ತದೆ. ಹೊರಡುವ ಮೊದಲು ವಲಸೆ ವಕೀಲರನ್ನು ಕೇಳಿಕೊಳ್ಳಿ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರಿಗೆ ಟೆಕ್ಸಾಸ್‌ನಲ್ಲಿ ಬೇಟೆ ಶಿಕ್ಷಣದ ನಿಯಮವೂ ಇದೆ, ಅದನ್ನೂ ವಿಚಾರಿಸಿ.

ಮೊದಲ ಸಲ ಬಂದೂಕು ಹಿಡಿಯುವವರು ಹಂದಿಯ ಮುಂದೆ ಕಲಿಯಬಾರದು. ಗುರಿ ಅಭ್ಯಾಸದ ಮೈದಾನದಲ್ಲಿ ಕೆಲವು ದಿನ ಕಳೆಯಿರಿ. ದೊಡ್ಡ ಗಂಡಿನ ಭುಜದ ಮೇಲೆ ಗಟ್ಟಿ ಚರ್ಮದ ಗುರಾಣಿಯೇ ಇರುತ್ತದೆ, ಅರೆಬರೆ ಹೊಡೆತ ಅದನ್ನು ನರಳಿಸುತ್ತದೆ. ಹೊಡೆದ ಹಂದಿಯನ್ನು ಕೊಯ್ಯುವಾಗ ಕೈಗವಸು ಬಿಡಬೇಡಿ, ಬ್ರುಸೆಲ್ಲಾ ರೋಗಾಣು ರಕ್ತದಿಂದ ಮನುಷ್ಯರಿಗೆ ಅಂಟುತ್ತದೆ. ಮಾಂಸದ ಒಳಗೆ 71 ಡಿಗ್ರಿ ಸೆಲ್ಸಿಯಸ್ ಬರುವವರೆಗೆ ಬೇಯಿಸಬೇಕು. ಗುಂಪಿನಲ್ಲಿ ಮಾಂಸ ತಿನ್ನದವರು ಇದ್ದೇ ಇರುತ್ತಾರೆ. ಹೊಡೆದದ್ದನ್ನು ಯಾರು ಒಯ್ಯುತ್ತಾರೆ, ಯಾರಿಗೆ ಕೊಡುತ್ತೀರಿ ಎಂಬುದನ್ನು ಹೊರಡುವ ಮೊದಲೇ ಮಾತನಾಡಿಕೊಳ್ಳಿ. ಕೊಂದು ಬಿಟ್ಟು ಬರಬೇಡಿ. ಕೋರೆಯನ್ನು ನೆನಪಿಗೆಂದು ಊರಿಗೆ ತರಲೂ ಬೇಡಿ.

ಇಲ್ಲಿಯೇ "ಹತ್ತು ಸಾವಿರ ಕೊಡಿ, ಒಂದು ರಾತ್ರಿ ಬೇಟೆ ಮಾಡಿಸುತ್ತೇವೆ" ಎನ್ನುವವರು ಸಿಕ್ಕರೆ?

ದುಡ್ಡು ಕೊಡಬೇಡಿ, ಹೋಗಬೇಡಿ. ಸಿಕ್ಕಿಬಿದ್ದ ದಿನ ಆ ದಾರಿ ಬಲ್ಲವನು ಕತ್ತಲಲ್ಲಿ ಓಡಿಹೋಗುತ್ತಾನೆ, ಉಳಿಯುವುದು ನೀವು ಮತ್ತು ನಿಮ್ಮ ಕಾರು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಅಷ್ಟು ದೂರ ನಡೆದು ಹಂದಿ ಕಾಣದೇ ಹೋದರೆ?

ಮೂರು ನಡಿಗೆಗೆ ಒಂದರಲ್ಲಿ ಕಂಡರೆ ನಾನು ಅದೃಷ್ಟ ಎನ್ನುತ್ತೇನೆ. ಕಳೆದ ಸಲ ಗದಗಿನ ನಾಲ್ವರು ಬಂದಿದ್ದರು. ಬೆಳಗಿನಿಂದ ಹನ್ನೊಂದರವರೆಗೆ ನಡೆದರೂ ಹಂದಿ ಇಲ್ಲ. ಕೊನೆಗೆ ಹಳ್ಳದ ತಿರುವಿನಲ್ಲಿ ಒಂದು ಕೆಸರಿನ ಹೊಂಡ ಸಿಕ್ಕಿತು, ನೀರು ಇನ್ನೂ ಕದಡಿಕೊಂಡೇ ಇತ್ತು, ದಂಡೆಯ ಮತ್ತಿ ಮರದ ಬುಡದಿಂದ ಕೆಸರು ಹನಿಹನಿಯಾಗಿ ಇಳಿಯುತ್ತಿತ್ತು. ನಾವು ಬರುವ ಐದು ನಿಮಿಷ ಮುಂಚೆ ಅದು ಅಲ್ಲಿತ್ತು. ಯಾರೂ ಮಾತನಾಡಲಿಲ್ಲ. ಗುಂಪಿನ ಕಿರಿಯ ಹುಡುಗ ಬೂಟು ಕಳಚಿ, ಆ ಗೊರಸಿನ ಪಕ್ಕದಲ್ಲಿ ತನ್ನ ಬರಿಗಾಲು ಊರಿ ಅಳತೆ ನೋಡಿದ. ಮುಂದಿನ ನಡಿಗೆಗೆ ಮೊದಲು ಹೆಸರು ಕೊಟ್ಟವನು ಅವನೇ.